ಭೋಗ್ಯದ ಮನೆ ಗೇಟಿಗೆ ಬ್ಯಾಂಕ್ ನೋಟಿಸ್ ಅಂಟಿಸಿದೆ, ನಮ್ಮ 14 ಲಕ್ಷದ ಗತಿ ಏನು?

ಪ್ರಶ್ನೆ: ಸರ್, ನಾವು ಸುಂಕದಕಟ್ಟೆಯಲ್ಲಿ ಎರಡನೇ ಫ್ಲೋರಲ್ಲಿ ಡಬಲ್ ಬೆಡ್‌ರೂಮ್ ಮನೆ 14 ಲಕ್ಷಕ್ಕೆ ಲೀಸ್ ಹಾಕ್ಕೊಂಡಿದೀವಿ. 2024ರ ಆಗಸ್ಟಲ್ಲಿ ಮೂರು ವರ್ಷಕ್ಕೆ ಅಂತ ಸ್ಟಾಂಪ್ ಪೇಪರ್ ಮೇಲೆ ಅಗ್ರಿಮೆಂಟ್ ಆಗಿದೆ, ನೋಟರಿ ಮಾಡ್ಸಿದೀವಿ, ರಿಜಿಸ್ಟರ್ ಆಗಿಲ್ಲ. 11 ಲಕ್ಷ ಅಕೌಂಟಿಂದ ಹಾಕಿದ್ವಿ, 3 ಲಕ್ಷ ಒಡವೆ ಅಡ ಇಟ್ಟು ಕ್ಯಾಶ್ ಕೊಟ್ವಿ. ಈ ನವೆಂಬರ್ 18ಕ್ಕೆ ಬ್ಯಾಂಕಿನವರು ಬಂದು ಗೇಟಿಗೆ ಇಂಗ್ಲಿಷ್ ನೋಟಿಸ್ ಅಂಟಿಸಿ ಫೋಟೋ ತಗೊಂಡು ಹೋದ್ರು, ಓನರ್‌ದು 58 ಲಕ್ಷ ಬಾಕಿ ಇದೆಯಂತೆ. ಓನರ್ ಫೋನ್ ಸ್ವಿಚ್ ಆಫ್. ಬಿಲ್ಡಿಂಗಲ್ಲಿ ಇನ್ನೂ ಎರಡು ಮನೆಯವರು ನಮ್ಮ ಥರನೇ ಲೀಸಿಗಿದಾರೆ. ನಾವು ಖಾಲಿ ಮಾಡ್ಬೇಕಾ? ನಮ್ಮ ದುಡ್ಡು ಬ್ಯಾಂಕ್ ಕೊಡುತ್ತಾ? ಸ್ಟೇ ತರಬಹುದಾ? ಮಗಳು ಎಸ್ಸೆಸ್ಸೆಲ್ಸಿ, ಮಾರ್ಚಲ್ಲಿ ಪರೀಕ್ಷೆ, ಅಲ್ಲಿವರೆಗಾದ್ರೂ ಇರೋಕೆ ಬಿಡ್ತಾರಾ?

ಉತ್ತರ: ನೋಡಿ ಅಮ್ಮ, ಮೊದಲು ಗೋಡೆ ಮೇಲಿರೋ ಕ್ಯಾಲೆಂಡರ್ ಹತ್ರ ಹೋಗಿ ಜನವರಿ 2ನೇ ತಾರೀಖಿಗೆ ಒಂದು ಗುರುತು ಹಾಕಿ, ಆಮೇಲೆ ಬಂದು ಮುಂದಕ್ಕೆ ಓದಿ. ನವೆಂಬರ್ 18ರಿಂದ ಲೆಕ್ಕ ಹಾಕಿದ್ರೆ ಅವತ್ತಿಗೆ 45 ದಿನ ಆಗುತ್ತೆ, ಬ್ಯಾಂಕ್ ಮಾಡಿದ್ದನ್ನ ಪ್ರಶ್ನೆ ಮಾಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದ್ರೆ ಎಲ್ಲರೂ ಡಿಆರ್‌ಟಿ ಅಂತಾರಲ್ಲ ಅಲ್ಲಿಗೆ, ಅರ್ಜಿ ಹಾಕೋಕೆ ಕಾನೂನು ಕೊಟ್ಟಿರೋ ಟೈಮ್ ಅಷ್ಟೇ. ನಡುವೆ ಕ್ರಿಸ್ಮಸ್ ರಜೆ ಬೇರೆ ಬರುತ್ತೆ. ಹಾಗಾಗಿ ಡಿಸೆಂಬರ್ 20ರ ಒಳಗೆ ನಿಮ್ಮ ಅರ್ಜಿ ಒಳಗೆ ಹೋಗಿರಬೇಕು ಅಂತಲೇ ನಾನು ಹೇಳೋದು.

ಈಗ ಗೇಟಿನ ಮೇಲಿನ ಆ ಕಾಗದ. ಅದನ್ನ ಕಿತ್ತು ಹಾಕ್ಬೇಡಿ, ತಾರೀಖು ಕಾಣೋ ಹಾಗೆ ಹತ್ರದಿಂದ ಒಂದು ಫೋಟೋ, ಮನೆ ಪೂರ್ತಿ ಕಾಣೋ ಹಾಗೆ ದೂರದಿಂದ ಒಂದು ಫೋಟೋ ತಗೊಳ್ಳಿ. ಮೇಲ್ಗಡೆ ದಪ್ಪಕ್ಷರದಲ್ಲಿ ಪೊಸೆಷನ್ ನೋಟಿಸ್ ಅಂತ ಇರುತ್ತೆ, ಪಕ್ಕದಲ್ಲೋ ಕೆಳಗೋ ರೂಲ್ 8(1) ಅಂತ ಇರುತ್ತೆ. ಅದರಲ್ಲಿ ಎರಡು ತಾರೀಖು ಹುಡುಕಿ. ಒಂದು, ಬ್ಯಾಂಕ್ ಓನರಿಗೆ ಡಿಮ್ಯಾಂಡ್ ನೋಟಿಸ್ ಕೊಟ್ಟ ತಾರೀಖು, ಇನ್ನೊಂದು ಈ ಪೊಸೆಷನ್ ತಗೊಂಡ ತಾರೀಖು. ಎರಡರ ನಡುವೆ 60 ದಿನ ಇರಲೇಬೇಕು, ಸರ್ಫೇಸಿ ಕಾಯ್ದೆ, ಅಂದ್ರೆ 2002ರಲ್ಲಿ ಬ್ಯಾಂಕುಗಳು ಕೋರ್ಟಿಗೆ ಹೋಗ್ದೇನೇ ಅಡಮಾನದ ಆಸ್ತಿ ಮಾರಿಕೊಳ್ಳಲಿ ಅಂತ ತಂದ ಕಾಯ್ದೆ, ಅದರ 13ನೇ ಸೆಕ್ಷನ್ ಹಾಗೆ ಹೇಳುತ್ತೆ. ಓನರ್ ಮೂರು ತಿಂಗಳು ಕಂತು ಕಟ್ಟದೇ 90 ದಿನ ದಾಟಿದ ಮೇಲೆ ಲೋನು ಎನ್‌ಪಿಎ, ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಆಗುತ್ತೆ, ಆಮೇಲೆ ಡಿಮ್ಯಾಂಡ್ ನೋಟಿಸ್, ಆಮೇಲೆ ಈ ಕಾಗದ. ಅಂದ್ರೆ ನಿಮ್ಮ ಓನರಿಗೆ ಇದು ಬರುತ್ತೆ ಅಂತ ಕನಿಷ್ಠ ಐದಾರು ತಿಂಗಳಿಂದ ಗೊತ್ತಿತ್ತು, ನಿಮಗೆ ಒಂದು ಮಾತು ಹೇಳಲಿಲ್ಲ.

ನೀವೆಲ್ಲ ಮನೆಯಲ್ಲಿ ಇದ್ದಂಗೇ ಕಾಗದ ಅಂಟಿಸಿ ಹೋಗಿರೋದ್ರಿಂದ ಇದು ಸಿಂಬಾಲಿಕ್ ಪೊಸೆಷನ್, ಕಾಗದದ ಮೇಲಿನ ಸ್ವಾಧೀನ ಅಷ್ಟೇ. ನಾಳೆ ಬೆಳಗ್ಗೆ ಬಂದು ಪಾತ್ರೆ ಪಗಡೆ ಆಚೆಗೆ ಹಾಕೋ ಹಾಗಿಲ್ಲ. ನೀವು ಒಪ್ಪಿ ಬಿಟ್ಟುಕೊಡದಿದ್ರೆ, ನಿಜವಾಗಿ ಮನೆ ಖಾಲಿ ಮಾಡಿಸೋಕೆ ಬ್ಯಾಂಕ್ 14ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್ ಹತ್ರ ಹೋಗಿ ಆದೇಶ ತರಬೇಕು, ಆಮೇಲೆ ಕೋರ್ಟ್ ಕಮಿಷನರ್ ಪೊಲೀಸರ ಜೊತೆ ಬರ್ತಾರೆ. ರಿಕವರಿ ಹುಡುಗ್ರು ಬಂದು ಬೀಗ ಹಾಕ್ತೀವಿ ಅಂದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ ತೋರಿಸಿ ಅಂತ ಕೇಳಿ, ಇಲ್ಲಾಂದ್ರೆ 112ಕ್ಕೆ ಫೋನ್ ಮಾಡಿ. ಆದ್ರೆ ಇದನ್ನ ನಂಬ್ಕೊಂಡು ಸುಮ್ನೆ ಕೂರೋ ಹಾಗೂ ಇಲ್ಲ, ಮ್ಯಾಜಿಸ್ಟ್ರೇಟ್ ಆ ಅರ್ಜಿ ಮೇಲೆ 30 ದಿನದೊಳಗೆ, ಕಾರಣ ಇದ್ರೆ ಹೆಚ್ಚಂದ್ರೆ 60 ದಿನದೊಳಗೆ ಆದೇಶ ಮಾಡ್ಬೇಕು ಅಂತ ಕಾನೂನಲ್ಲೇ ಇದೆ, ಅಲ್ಲಿ ನಿಮ್ಮ ಬಾಡಿಗೆ-ಭೋಗ್ಯದ ವಾದ ವಿಸ್ತಾರವಾಗಿ ಕೇಳೋದೂ ಇಲ್ಲ. ಅದನ್ನ ಕೇಳೋ ಜಾಗ ಡಿಆರ್‌ಟಿ.

ನಿಮ್ಮ ಕೇಸ್ ಎಷ್ಟು ಗಟ್ಟಿ ಅನ್ನೋದು ಒಂದೇ ಒಂದು ಹೋಲಿಕೆ ಮೇಲೆ ನಿಂತಿದೆ, ನಿಮ್ಮ ಅಗ್ರಿಮೆಂಟ್ ಮೊದಲಾ, ಬ್ಯಾಂಕಿನ ಅಡಮಾನ ಮೊದಲಾ ಅಂತ. ಇವತ್ತೇ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಆ ಸ್ವತ್ತಿನ ಇಸಿ, ಅಂದ್ರೆ ಅದರ ಮೇಲಿನ ಸಾಲ-ವ್ಯವಹಾರ ತೋರಿಸೋ ಋಣಭಾರ ಪತ್ರ, ತೆಗೆಸಿ, ಸೈಬರ್ ಸೆಂಟರಲ್ಲೂ ಮಾಡಿಕೊಡ್ತಾರೆ, ಕನಿಷ್ಠ 15 ವರ್ಷದ್ದು ಕೇಳಿ. ಫಾರಂ 15 ಬಂದ್ರೆ ವ್ಯವಹಾರ ಇದೆ ಅಂತ, ಫಾರಂ 16 ಬಂದ್ರೆ ಏನೂ ಇಲ್ಲ ಅಂತ. ಫಾರಂ 15ರಲ್ಲಿ ಒಂದೊಂದು ಸಾಲು ಓದ್ತಾ ಹೋಗಿ, ಎಲ್ಲೋ ಒಂದು ಕಡೆ ಹಕ್ಕುಪತ್ರಗಳ ಠೇವಣಿ ಅಂತ ಇರುತ್ತೆ, ಅದೇ ಬ್ಯಾಂಕಿನ ಅಡಮಾನ, ಬರೆದುಕೊಟ್ಟವರ ಜಾಗದಲ್ಲಿ ಓನರ್ ಹೆಸರು, ಬರೆಸಿಕೊಂಡವರ ಜಾಗದಲ್ಲಿ ಬ್ಯಾಂಕ್ ಹೆಸರು, ಪಕ್ಕದಲ್ಲಿ ತಾರೀಖು. ಆ ತಾರೀಖನ್ನ ನಿಮ್ಮ 2024ರ ಆಗಸ್ಟ್ ಪಕ್ಕ ಇಟ್ಟು ನೋಡಿ. ಇಸಿಯಲ್ಲಿ ಸಿಗಲಿಲ್ಲ ಅಂದ್ರೂ ಅಡಮಾನ ಇಲ್ಲ ಅಂತಲ್ಲ, ಕೆಲವು ಬ್ಯಾಂಕು ಪತ್ರ ಇಟ್ಟುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡ್ಸಿರಲ್ಲ. ಅದಕ್ಕೆ ಸೆರ್ಸಾಯ್ ಅಂತ ಕೇಂದ್ರದ ಒಂದು ರಿಜಿಸ್ಟ್ರಿ ಇದೆ, ಸಣ್ಣ ಫೀಸು ಕಟ್ಟಿ ಆನ್‌ಲೈನಲ್ಲಿ ಹುಡುಕಬಹುದು. ಅಲ್ಲಿ ನೋಂದಣಿ ಮಾಡ್ಸದೇ ಇದ್ರೆ 2020ರ ಜನವರಿಯಿಂದ ಈಚೆಗೆ ಬ್ಯಾಂಕು ಸರ್ಫೇಸಿ ದಾರಿ ಹಿಡಿಯೋ ಹಾಗೇ ಇಲ್ಲ, ಇದನ್ನೂ ನಿಮ್ಮ ಲಾಯರ್ ನೋಡ್ಲಿ.

ಅಡಮಾನಕ್ಕಿಂತ ಮುಂಚೆ ನೀವು ಮನೆಗೆ ಬಂದಿದ್ರೆ, ಅದೂ ರಿಜಿಸ್ಟರ್ ಆದ ಲೀಸ್ ಇದ್ರೆ, ಅವಧಿ ಮುಗಿಯೋವರೆಗೆ ಬ್ಯಾಂಕು ಅದನ್ನ ಒಪ್ಪಲೇಬೇಕು. ಡಿಮ್ಯಾಂಡ್ ನೋಟಿಸ್ ಬಂದ ಮೇಲೆ ಓನರ್ ನಿಮಗೆ ಕೊಟ್ಟಿದ್ರೆ ಅದು ನಿಲ್ಲೋದೇ ಇಲ್ಲ, ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ದೆ ಲೀಸ್ ಕೊಡೋ ಹಾಗಿಲ್ಲ ಅಂತ 13ನೇ ಸೆಕ್ಷನ್ನಲ್ಲೇ ಇದೆ. ನೀವು ಬಹುಶಃ ಈ ಎರಡರ ನಡುವೆ ಬರ್ತೀರಿ, ಲೋನ್ ತಗೊಂಡೇ ಬಿಲ್ಡಿಂಗ್ ಎಬ್ಬಿಸಿರ್ತಾರೆ, ಕಂತು ಇನ್ನೂ ನಡೀತಾ ಇರೋವಾಗ ನಿಮಗೆ ಕೊಟ್ಟಿರ್ತಾರೆ. ನಮ್ಮೂರಲ್ಲಿ ಹೆಚ್ಚು ಕೇಸು ಹೀಗೇನೇ.

ಈಗ ಹೇಳೋದು ಕೇಳೋಕೆ ಕಷ್ಟ ಆಗುತ್ತೆ, ಆದ್ರೆ ಮುಚ್ಚಿಟ್ಟು ಹೇಳಿದ್ರೆ ನಿಮಗೆ ಮೋಸ ಮಾಡಿದಂಗೆ ಆಗುತ್ತೆ. ಅಡಮಾನ ಇಟ್ಟಿರೋ ಮನೆಯನ್ನ ಓನರ್ ಲೀಸಿಗೆ ಕೊಡಬಹುದಾ ಅನ್ನೋದಕ್ಕೆ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ 65ಎ ಅಂತ ಒಂದು ಸೆಕ್ಷನ್ ಇದೆ. ಕೊಡಬಹುದು, ಆದ್ರೆ ಮೂರು ವರ್ಷ ಮೀರಬಾರದು, ಸಿಗಬೇಕಾದ ಸರಿಯಾದ ಬಾಡಿಗೆ ಇರಬೇಕು, ಗಂಟು ದುಡ್ಡು ತಗೋಬಾರದು, ಬಾಡಿಗೆ ಮುಂಗಡವಾಗಿ ತಗೋಬಾರದು ಅಂತ ಅದು ಹೇಳುತ್ತೆ. ನಮ್ಮ ಬೆಂಗಳೂರಿನ ಭೋಗ್ಯ ಅಂದ್ರೆ ಏನು, ಬಾಡಿಗೆನೇ ಇಲ್ಲ, ಪೂರ್ತಿ ಗಂಟೇ ದುಡ್ಡು. ಸೆಕ್ಷನ್ ಏನು ಬೇಡ ಅನ್ನುತ್ತೋ ಅದೇ. ಮೇಲಿಂದ ಬ್ಯಾಂಕಿನ ಅಡಮಾನ ಪತ್ರದಲ್ಲಿ ನಮ್ಮನ್ನ ಕೇಳ್ದೆ ಯಾರಿಗೂ ಲೀಸ್ ಕೊಡೋ ಹಾಗಿಲ್ಲ ಅಂತ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತೆ. 2016ರಲ್ಲಿ ಸರ್ಫೇಸಿಗೆ ತಿದ್ದುಪಡಿ ಮಾಡಿ 17(4ಎ) ಅಂತ ಸೇರಿಸಿದ್ರು, ಬಾಡಿಗೆದಾರರು ಬಂದ್ರೆ ಡಿಆರ್‌ಟಿ ನೋಡೋದು ಇದನ್ನೇ, ಅವಧಿ ಮುಗಿದಿದೆಯಾ, 65ಎಗೆ ವಿರುದ್ಧವಾ, ಅಡಮಾನದ ಷರತ್ತಿಗೆ ವಿರುದ್ಧವಾ, ಡಿಮ್ಯಾಂಡ್ ನೋಟಿಸ್ ಆದ ಮೇಲೆ ಹುಟ್ಟಿದ್ದಾ ಅಂತ.

ಇನ್ನು ರಿಜಿಸ್ಟರ್ ಆಗದೇ ಇರೋ ವಿಷಯ. ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಆಗಲೇಬೇಕು, ನೋಟರಿ ಸೀಲು ರಿಜಿಸ್ಟ್ರೇಷನ್ ಅಲ್ಲ, ಎಷ್ಟು ಜನ ಇದನ್ನ ಒಂದೇ ಅಂದ್ಕೊಂಡಿರ್ತಾರೋ ಲೆಕ್ಕ ಇಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಕೇಸಲ್ಲಿ, ರಿಜಿಸ್ಟರ್ ಆದ ಪತ್ರ ಇಲ್ದಿದ್ರೆ ಸರ್ಫೇಸಿ ಮುಂದೆ ಬಾಡಿಗೆದಾರರು ಒಂದು ವರ್ಷದ ಮೇಲೆ ಹಕ್ಕು ಹೇಳೋ ಹಾಗಿಲ್ಲ ಅಂದಿದೆ. ನಿಮ್ಮದು ಒಂದು ವರ್ಷ ಆಗಸ್ಟಿಗೇ ಮುಗೀತು.

ಭೋಗ್ಯ ಅನ್ನೋದೇ ಮೂಲದಲ್ಲಿ ಲೀಸ್ ಅಲ್ಲ, ಅಡಮಾನ. ಊರ ಕಡೆ ಹೊಲ ಭೋಗ್ಯಕ್ಕೆ ಹಾಕ್ತಿದ್ರಲ್ಲ, ದುಡ್ಡು ಕೊಟ್ಟವನು ಹೊಲ ಉತ್ತು ಬೆಳೆ ತಿನ್ನೋದು, ದುಡ್ಡು ವಾಪಸ್ ಕೊಟ್ಟ ದಿನ ಹೊಲ ಬಿಡೋದು, ಬಡ್ಡಿಗೆ ಬೆಳೆ ಸರಿಹೋಯ್ತು. ಇಲ್ಲಿ ಬಡ್ಡಿಗೆ ವಾಸ ಸರಿಹೋಯ್ತು, ಅಷ್ಟೇ ವ್ಯತ್ಯಾಸ. ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಇದಕ್ಕೆ 58(ಡಿ) ಅಂತ ಬೇರೆ ಜಾಗನೇ ಇದೆ. ಹಾಗಂತ ನಾನು ಭೋಗ್ಯದಾರಳು ಅಂತ ಹೋದ್ರೂ 100 ರೂಪಾಯಿ ಮೇಲಿನ ಅಂಥ ಅಡಮಾನ ರಿಜಿಸ್ಟರ್ ಆಗಿರಬೇಕು, ಆಗಿದ್ರೂ ಮೊದಲು ಅಡಮಾನ ಹಿಡಿದ ಬ್ಯಾಂಕಿನ ಹಿಂದೆ ನಿಲ್ಲಬೇಕು. ಆದ್ರೆ ಇದರಲ್ಲಿ ನಿಮಗೆ ಒಂದು ಒಳ್ಳೇದಿದೆ, ಲೀಸ್ ನಿಲ್ಲದಿದ್ರೂ ಭೋಗ್ಯ ನಿಲ್ಲದಿದ್ರೂ 14 ಲಕ್ಷ ಕೊಟ್ಟಿದ್ದು ನಿಜ, ತಗೊಂಡಿದ್ದು ನಿಜ, ಆ ಸಾಲ ಓನರ್ ತಲೆ ಮೇಲೆ ಹಾಗೇ ಇದೆ. ರಿಜಿಸ್ಟರ್ ಆಗದ ಅಗ್ರಿಮೆಂಟೂ ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ ಆಗುತ್ತೆ, ಸ್ಟಾಂಪ್ ಡ್ಯೂಟಿ ಕಮ್ಮಿ ಕಟ್ಟಿದ್ರೆ ಕೋರ್ಟಲ್ಲಿ ಬಾಕಿ ಡ್ಯೂಟಿ ಮತ್ತೆ ದಂಡ ಕಟ್ಟಿ ಹಾಜರು ಮಾಡ್ಬೇಕಾಗುತ್ತೆ, ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ ಅದು ಹತ್ತು ಪಟ್ಟು, ಅದಕ್ಕೊಂದಿಷ್ಟು ದುಡ್ಡು ತೆಗೆದಿಟ್ಟಿರಿ.

ಬ್ಯಾಂಕು ನಿಮ್ಮ ದುಡ್ಡು ಕೊಡುತ್ತಾ ಅಂದ್ರಿ. ಇಲ್ಲ, ಬ್ಯಾಂಕು ನಿಮ್ಮ ಹತ್ರ ತಗೊಂಡಿಲ್ಲ, ಕೊಡಲ್ಲ. ಅದಕ್ಕೇ ನಾನು ನಿಮಗೆ ಕೈ ಮುಗಿದು ಹೇಳೋದು, ಮನೆ ಉಳಿಸಿಕೊಳ್ಳೋಕೆ ಅಂತ ಎಲ್ಲ ಶಕ್ತಿ ಖರ್ಚು ಮಾಡ್ಬೇಡಿ, ದುಡ್ಡು ಎಲ್ಲಿದೆ ಅಂತ ನೋಡಿ ಅದರ ಹಿಂದೆ ಹೋಗಿ. ಅದು ಇರೋದು ಆ ಬಿಲ್ಡಿಂಗಲ್ಲೇ. ಲೆಕ್ಕ ಹಾಕೋಣ. ಬ್ಯಾಂಕಿಗೆ 58 ಲಕ್ಷ, ಬಡ್ಡಿ ಖರ್ಚು ಸೇರಿ ಹರಾಜಿನ ಹೊತ್ತಿಗೆ 63 ಅಂತಿಟ್ಕೊಳ್ಳಿ. ಮೂರು ಮನೆ ಲೀಸ್ ದುಡ್ಡು ತಲಾ 14 ಅಂದ್ರೆ 42. ಒಟ್ಟು 1 ಕೋಟಿ 5 ಲಕ್ಷ. ಆ ಬಿಲ್ಡಿಂಗು ಮಾರ್ಕೆಟಲ್ಲಿ ಅದಕ್ಕಿಂತ ಜಾಸ್ತಿ ಬಾಳುತ್ತೆ ಅನ್ನೋದಾದ್ರೆ ಎಲ್ಲರಿಗೂ ಸಾಕಾಗೋಷ್ಟು ದುಡ್ಡು ಗೋಡೆ ಒಳಗೇ ಇದೆ. ಬ್ಯಾಂಕು ಹರಾಜು ಹಾಕಿದ್ರೆ ಸಾಮಾನ್ಯವಾಗಿ ಕಮ್ಮಿಗೇ ಹೋಗುತ್ತೆ, ಓನರೇ ನಿಂತು ಮಾರಿದ್ರೆ ಒಳ್ಳೇ ಬೆಲೆ ಬರುತ್ತೆ.

ಹಾಗಾಗಿ ಮೊದಲ ದಾರಿ, ಓನರನ್ನ ಹುಡುಕಿ ಅವರ ಕೈಲೇ ಮಾರಿಸೋದು. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳೋ ಹಕ್ಕು ಓನರಿಗೆ ಹರಾಜಿನ ನೋಟಿಸ್ ಪ್ರಕಟ ಆಗೋವರೆಗೆ ಮಾತ್ರ, 2016ರ ತಿದ್ದುಪಡಿ ಆದ ಮೇಲೆ ಹಾಗಾಗಿದೆ, 2023ರಲ್ಲಿ ಸುಪ್ರೀಂ ಕೋರ್ಟು ಬಾಫ್ನಾ ಮೋಟರ್ಸ್ ಕೇಸಲ್ಲಿ ಅದನ್ನ ಖಡಾಖಂಡಿತ ಮಾಡ್ತು. ನಿಮಗಿನ್ನೂ ಹರಾಜಿನ ನೋಟಿಸ್ ಬಂದಿಲ್ಲ ಅಂದ್ರೆ ಬಾಗಿಲು ತೆಗೆದಿದೆ ಅಂತ ಅರ್ಥ, ಎಷ್ಟು ದಿನ ಅಂತ ಹೇಳೋಕಾಗಲ್ಲ. ಫೋನ್ ಸ್ವಿಚ್ ಆಫ್ ಆದ್ರೆ ಊರಲ್ಲಿ ಅವರ ಅಣ್ಣತಮ್ಮ ಇರ್ತಾರೆ, ಹೆಂಡತಿ ಕಡೆಯವರು ಇರ್ತಾರೆ, ಮನೆ ತೋರಿಸಿದ ಬ್ರೋಕರ್ ಇರ್ತಾನೆ, ಮೂರು ಮನೆಯವರೂ ಒಟ್ಟಿಗೆ ಹೋಗಿ. ಜಗಳಕ್ಕೆ ಹೋಗ್ಬೇಡಿ, ಈ ಲೆಕ್ಕ ಕಾಗದದಲ್ಲಿ ಬರ್ಕೊಂಡು ಹೋಗಿ, ಹರಾಜಾದ್ರೆ ನಿಮ್ಮ ಕೈಗೆ ಏನೂ ಸಿಗಲ್ಲ, ನೀವೇ ಮಾರಿದ್ರೆ ಸಾಲ ತೀರಿ ನಮ್ಮದೂ ತೀರಿ ನಿಮಗೂ ಉಳಿಯುತ್ತೆ ಅಂತ ಹೇಳಿ. ಹೋದ ವರ್ಷ ಪೀಣ್ಯ ಕಡೆ ಒಂದು ಬಿಲ್ಡಿಂಗು ಹೀಗೇ ಆಯ್ತು, ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ತಗೊಂಡವರು ಐದು ಡಿಡಿ ಜೋಡಿಸಿಟ್ರು, ಒಂದು ಬ್ಯಾಂಕಿಗೆ, ಮೂರು ಲೀಸಿನವರಿಗೆ, ಉಳಿದ ಒಂದು ಓನರಿಗೆ, ಬ್ಯಾಂಕಿನ ಆಫೀಸರ್ ಒರಿಜಿನಲ್ ಪತ್ರ ತಂದಿದ್ರು, ಲೀಸಿನವರು ಬೀಗದ ಕೈ ತಂದಿದ್ರು. ಒಂದೇ ಬೆಳಗಲ್ಲಿ ಮುಗೀತು. ನೆನಪಿರಲಿ, ಡಿಡಿ ನಿಮ್ಮ ಹೆಸರಲ್ಲೇ ನೇರವಾಗಿ ಬರಬೇಕು, ಓನರ್ ಅಕೌಂಟಿಗೆ ಹೋಗಿ ಆಮೇಲೆ ನಿಮಗೆ ಅನ್ನೋದಕ್ಕೆ ಒಪ್ಪಬೇಡಿ.

ಓನರ್ ಸಿಗಲೇ ಇಲ್ಲ, ಹರಾಜೇ ಆಯ್ತು ಅಂತಿಟ್ಕೊಳ್ಳಿ. ಬ್ಯಾಂಕು ತನ್ನ ಖರ್ಚು, ತನ್ನ ಬಾಕಿ ತಗೊಂಡು ಉಳಿದಿದ್ದನ್ನ ಯಾರಿಗೆ ಹಕ್ಕಿದೆಯೋ ಅವರಿಗೆ ಕೊಡಬೇಕು, 13(7) ಹಾಗೆ ಹೇಳುತ್ತೆ. ಯಾರೂ ಏನೂ ಕೇಳಲಿಲ್ಲ ಅಂದ್ರೆ ಅದು ಸೀದಾ ಓನರ್ ಅಕೌಂಟಿಗೆ ಹೋಗುತ್ತೆ, ಹೋದ ಮೇಲೆ ಹಿಡಿಯೋಕಾಗಲ್ಲ. ನಾನು ನೋಡಿದ ಕೇಸುಗಳಲ್ಲಿ ಹೊಟ್ಟೆ ಉರಿಯೋದು ಇಲ್ಲೇ. ಕಾಮಾಕ್ಷಿಪಾಳ್ಯದ ಒಂದು ಕುಟುಂಬ, ಗಾರ್ಮೆಂಟ್ಸಲ್ಲಿ ದುಡಿದು ಪಿಎಫ್ ತೆಗೆದು 9 ಲಕ್ಷ ಲೀಸಿಗೆ ಹಾಕಿದ್ರು, ಯಾರೋ ಹೇಳಿದ್ರು ಅಂತ ಸಿವಿಲ್ ಕೋರ್ಟಿಗೆ ಹೋಗಿ ಬ್ಯಾಂಕ್ ಮೇಲೆ ಇಂಜಂಕ್ಷನ್ ಕೇಳಿದ್ರು. ಸರ್ಫೇಸಿಯ 34ನೇ ಸೆಕ್ಷನ್ ಪ್ರಕಾರ ಬ್ಯಾಂಕಿನ ಈ ಕ್ರಮಕ್ಕೆ ಸಿವಿಲ್ ಕೋರ್ಟು ತಡೆ ಕೊಡೋ ಹಾಗಿಲ್ಲ. ಅದು ವಜಾ ಆಗೋ ಹೊತ್ತಿಗೆ 45 ದಿನ ದಾಟಿತ್ತು, ಹರಾಜಾಗಿ 20 ಲಕ್ಷದ ಮೇಲೆ ಉಳಿದಿತ್ತು, ಅಷ್ಟೂ ಓನರಿಗೆ ಹೋಗಿತ್ತು. ಅವರು ನನ್ನ ಆಫೀಸಿಗೆ ಬಂದಾಗ ಪ್ಲಾಸ್ಟಿಕ್ ಕವರಲ್ಲಿ ಕಾಗದ ಎಲ್ಲ ಜೋಪಾನವಾಗಿ ಇಟ್ಕೊಂಡಿದ್ರು, ಒಂದೂ ಕಳ್ಕೊಂಡಿರಲಿಲ್ಲ, ಹೋಗಬೇಕಾದ ಬಾಗಿಲು ಮಾತ್ರ ತಪ್ಪಿತ್ತು. ಹೈಕೋರ್ಟಿಗೆ ರಿಟ್ ಹಾಕಿ ಅನ್ನೋರೂ ಸಿಗ್ತಾರೆ, ಡಿಆರ್‌ಟಿ ಇರೋವಾಗ ಹೈಕೋರ್ಟುಗಳು ಇದಕ್ಕೆ ಕೈ ಹಾಕಬಾರದು ಅಂತ ಸುಪ್ರೀಂ ಕೋರ್ಟು 2010ರಿಂದ ಮತ್ತೆ ಮತ್ತೆ ಹೇಳ್ತಾ ಬಂದಿದೆ.

ಹಾಗಾದ್ರೆ ಸಿವಿಲ್ ಕೋರ್ಟು ಬೇಡ್ವಾ ಅಂದ್ರೆ ಬೇಕು, ಬೇರೆ ಕೆಲಸಕ್ಕೆ. ಮೈಸೂರ್ ಬ್ಯಾಂಕ್ ಸರ್ಕಲ್ ಹತ್ರದ ಸಿಟಿ ಸಿವಿಲ್ ಕೋರ್ಟಲ್ಲಿ ಓನರ್ ಮೇಲೆ ಹಣ ವಸೂಲಿ ದಾವಾ ಹಾಕಿ, ಅದರ ಜೊತೆಗೇ ತೀರ್ಪಿಗೆ ಮುಂಚಿನ ಜಪ್ತಿ ಕೇಳಿ, ಸಿಪಿಸಿಯ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ, ಆರ್ಡರ್ 38 ರೂಲ್ 5. ಹರಾಜು ನಿಲ್ಲಿಸಿ ಅಂತ ಅಲ್ಲಿ ಕೇಳಬೇಡಿ, ಹರಾಜಾದ ಮೇಲೆ ಓನರಿಗೆ ಹೋಗೋ ಉಳಿಕೆ ದುಡ್ಡಲ್ಲಿ ನಮ್ಮ 14 ಲಕ್ಷದಷ್ಟು ಜಪ್ತಿ ಮಾಡಿ ಅಂತ ಕೇಳಿ. ಓನರ್ ಫೋನ್ ಆಫ್ ಮಾಡಿರೋದು, ಮನೆ ಬದಲಾಯಿಸಿರೋದು, ಬೇರೆ ಆಸ್ತಿ ಮಾರ್ತಾ ಇದ್ರೆ ಅದು, ಇವೆಲ್ಲ ಆಗ ಉಪಯೋಗಕ್ಕೆ ಬರುತ್ತೆ, ದುಡ್ಡು ಸಾಗಹಾಕ್ತಾರೆ ಅಂತ ತೋರಿಸ್ಬೇಕಲ್ಲ. ಅವಧಿ 2027ರವರೆಗೆ ಇದೆಯಲ್ಲ, ಈಗಲೇ ಹೇಗೆ ಕೇಳ್ತೀರಿ ಅಂತ ಎದುರು ವಕೀಲರು ಕೇಳ್ತಾರೆ. ಸಾಲ ಇಲ್ಲ ಅಂತ ಸುಳ್ಳು ಹೇಳಿ ಮಾಡಿಸಿಕೊಂಡ ಕರಾರನ್ನ ರದ್ದು ಮಾಡೋ ಹಕ್ಕು ನಿಮಗಿದೆ, ಅದಕ್ಕೆ ಮೊದಲು ಲಾಯರ್ ನೋಟಿಸ್ ಹೋಗಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ, ಡಿಆರ್‌ಟಿಯಲ್ಲಿ ನಾನು ಬಾಡಿಗೆದಾರಳು ಅಂತ ಹೇಳ್ತಾ ಇಲ್ಲಿ ಕರಾರೇ ರದ್ದು ಅಂತ ಬರೆದ್ರೆ ಒಂದಕ್ಕೊಂದು ಹೊಡೆಯುತ್ತೆ, ದುಡ್ಡು ವಾಪಸ್ ಬರೋವರೆಗೆ ಸ್ವಾಧೀನ ಬಿಡಲ್ಲ ಅನ್ನೋದು ಉಳಿಯೋ ಹಾಗೆ ನೋಟಿಸ್ ಬರೀಬೇಕು, ಅದಕ್ಕೇ ಎರಡೂ ಕೇಸು ಒಬ್ಬರೇ ಲಾಯರ್ ನೋಡಿದ್ರೆ ಒಳ್ಳೇದು.

ಇವತ್ತೇ ಮಾಡಬಹುದಾದ, ಲಾಯರ್ ಇಲ್ದೇನೂ ಮಾಡಬಹುದಾದ ಕೆಲಸ ಒಂದಿದೆ. ನೋಟಿಸಿನ ಕೆಳಗೆ ಸಹಿ ಹಾಕಿರೋ ಅಧಿಕೃತ ಅಧಿಕಾರಿಗೆ ಒಂದು ಪತ್ರ ಬರೀರಿ, ಕನ್ನಡದಲ್ಲೇ ಬರೀರಿ, ಪರವಾಗಿಲ್ಲ. ನಾವು ಇಂಥ ದಿನದಿಂದ ಇಲ್ಲಿದೀವಿ, ಇಷ್ಟು ದುಡ್ಡು ಕೊಟ್ಟಿದೀವಿ, ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಬೆಸ್ಕಾಂ ಬಿಲ್, ಗ್ಯಾಸ್ ಬುಕ್ ನಕಲು ಇಟ್ಟಿದೀವಿ, ಮಾರಾಟದಲ್ಲಿ ಉಳಿಕೆ ಬಂದ್ರೆ ನಮಗೆ ತಿಳಿಸದೆ ಯಾರಿಗೂ ಕೊಡಬೇಡಿ ಅಂತ. ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಈಮೇಲೂ ಮಾಡಿ, ರಸೀದಿ ಇಟ್ಕೊಳ್ಳಿ. ಬರೀ ಈ ಪತ್ರದಿಂದ ಬ್ಯಾಂಕಿನ ಕೈ ಕಟ್ಟಿ ಹಾಕಿದಂಗೆ ಆಗಲ್ಲ, ಕೋರ್ಟ್ ಆದೇಶನೇ ಬೇಕು, ಆದ್ರೆ ಗೊತ್ತಿರಲಿಲ್ಲ ಅಂತ ಅವರು ಆಮೇಲೆ ಹೇಳೋ ಹಾಗಿರಲ್ಲ.

ಪೊಲೀಸ್ ಕಂಪ್ಲೇಂಟ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಕೊಡಿ. ನಿಮ್ಮ ಅಗ್ರಿಮೆಂಟ್ ತೆಗೆದು ಎರಡನೇ ಪುಟದಲ್ಲೋ ಮೂರನೇ ಪುಟದಲ್ಲೋ ಹುಡುಕಿ, ಷೆಡ್ಯೂಲ್ ಸ್ವತ್ತಿನ ಮೇಲೆ ಯಾವುದೇ ಸಾಲ, ಅಡಮಾನ, ಋಣಭಾರ ಇರುವುದಿಲ್ಲ ಅಂತ ಒಂದು ಸಾಲು ಇರುತ್ತೆ, ಟೈಪ್ ಮಾಡೋರು ಅಭ್ಯಾಸಬಲದಿಂದ ಹಾಕಿರ್ತಾರೆ, ಓನರ್ ಓದದೇ ಸಹಿ ಮಾಡಿರ್ತಾರೆ. ಆ ಒಂದು ಸಾಲು, ಅದರ ಪಕ್ಕ ಇಸಿಯಲ್ಲಿರೋ ಅಡಮಾನದ ತಾರೀಖು, ಇವೆರಡೂ ಸೇರಿದ್ರೆ ದುಡ್ಡು ತಗೊಳ್ಳೋ ದಿನಾನೇ ಸುಳ್ಳು ಹೇಳಿದ್ರು ಅನ್ನೋದು ಕಾಗದದಲ್ಲೇ ಸಿಕ್ಕಂಗಾಯ್ತು. ಭಾರತೀಯ ನ್ಯಾಯ ಸಂಹಿತೆಯ 318(4), ಹಳೇ 420. ಠಾಣೆಯಲ್ಲಿ ಇದು ಸಿವಿಲ್ ಮ್ಯಾಟರ್ ಕಣಮ್ಮ ಅಂತ ಕಳಿಸೋಕೆ ನೋಡ್ತಾರೆ, ಅದಕ್ಕೇ ಬರೀ ದುಡ್ಡು ಕೊಟ್ಟಿಲ್ಲ ಅಂತ ಬರೀಬೇಡಿ, ಈ ಸಾಲು ಮತ್ತು ಈ ತಾರೀಖು ಮೊದಲ ಪ್ಯಾರಾದಲ್ಲೇ ಬರಲಿ. ತಗೊಳ್ಳದಿದ್ರೆ ಡಿಸಿಪಿ ಆಫೀಸಿಗೆ ಬರೆದು ಕಳಿಸಿ, ಆಗಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. 3 ಲಕ್ಷ ಕ್ಯಾಶ್ ಕೊಟ್ಟಿದ್ದು ಹೇಳಿದ್ರೆ ನಮಗೇ ಇನ್‌ಕಂ ಟ್ಯಾಕ್ಸ್ ತೊಂದರೆ ಆಗುತ್ತೇನೋ ಅಂತ ಬಹಳ ಜನ ಮುಚ್ಚಿಡ್ತಾರೆ, 20 ಸಾವಿರ ಮತ್ತು ಮೇಲೆ ಕ್ಯಾಶಲ್ಲಿ ಸಾಲ-ಡೆಪಾಸಿಟ್ ತಗೊಂಡಿದ್ದಕ್ಕೆ 269ಎಸ್‌ಎಸ್ ಅಡಿ ದಂಡ ಬೀಳೋದು ತಗೊಂಡವರಿಗೆ. ಅಗ್ರಿಮೆಂಟಲ್ಲಿ 14 ಲಕ್ಷ ಪೂರ್ತಿ ಮುಟ್ಟಿದೆ ಅಂತ ಇದ್ರೆ ಅಷ್ಟನ್ನೂ ಕೇಳಿ, ಒಡವೆ ಅಡ ಇಟ್ಟ ರಸೀದಿಯ ತಾರೀಖೂ ಜೊತೆಗಿಡಿ. ಓನರ್ ಸೆಕ್ಯೂರಿಟಿಗೆ ಅಂತ ಚೆಕ್ ಏನಾದ್ರೂ ಕೊಟ್ಟಿದ್ರೆ ಅದನ್ನ ಬ್ಯಾಂಕಿಗೆ ಹಾಕೋ ಮುಂಚೆ ಲಾಯರಿಗೆ ತೋರಿಸಿ, ಚೆಕ್ ಬೌನ್ಸ್ ಕೇಸಿಗೆ ಅದರದ್ದೇ ಆದ ದಿನದ ಲೆಕ್ಕ ಇದೆ.

ಇನ್ನೊಂದು ಮಾತು, ಗಟ್ಟಿಯಾಗಿ ಹೇಳ್ತೀನಿ. ಹಳೇ ತಾರೀಖು ಹಾಕಿ ಅಡಮಾನಕ್ಕೂ ಮುಂಚಿನ ಅಗ್ರಿಮೆಂಟ್ ಮಾಡಿಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಮನೆ ಒಳಗೇ ಬಿಡಬೇಡಿ. ಇ-ಸ್ಟಾಂಪ್ ಮೇಲೆ ತೆಗೆದ ತಾರೀಖು, ನಂಬರ್ ಎರಡೂ ಇರುತ್ತೆ, ಆನ್‌ಲೈನಲ್ಲಿ ಚೆಕ್ ಮಾಡಿದ್ರೆ ಸಿಕ್ಕಿಹಾಕ್ಕೊಳ್ತೀರಿ. ನಿಮ್ಮ ಹತ್ರ ಈಗ ಇರೋ ದೊಡ್ಡ ಆಸ್ತಿ ಅಂದ್ರೆ ನಿಮ್ಮ ಕೇಸು ನಿಜ ಅನ್ನೋದು, ಅದನ್ನ ಕಳ್ಕೊಬೇಡಿ. ಹಾಗೇ ಬ್ಯಾಂಕ್ ಕಡೆಯಿಂದ ಅಂತ ಬಂದವರು ಕೊಡೋ ಕಾಗದಕ್ಕೆ ಓದದೇ ಸಹಿ ಹಾಕ್ಬೇಡಿ, ಇಷ್ಟು ಕೊಡ್ತೀವಿ ಖಾಲಿ ಮಾಡಿ ಅಂದ್ರೆ ಬರವಣಿಗೆಯಲ್ಲಿ ಕೇಳಿ. ಸಂಕ್ರಾಂತಿಗೆ ಊರಿಗೆ ಹೋಗೋದಿದ್ರೂ ಮನೆಯಲ್ಲಿ ಒಬ್ಬರು ಇರಲಿ.

ಖರ್ಚಿನ ಭಯಕ್ಕೆ ಎಷ್ಟೋ ಜನ ಸುಮ್ಮನಾಗ್ತಾರೆ. ಡಿಆರ್‌ಟಿಗೆ ಹೋಗೋಕೆ ಲಕ್ಷಗಟ್ಟಲೆ ಡೆಪಾಸಿಟ್ ಇಡಬೇಕು ಅನ್ನೋದು ಸುಳ್ಳು, ಬಾಕಿಯ 75 ಪರ್ಸೆಂಟ್ ಕಟ್ಟಿ ಬನ್ನಿ ಅನ್ನೋ ನಿಯಮವನ್ನ 2004ರಲ್ಲೇ ಸುಪ್ರೀಂ ಕೋರ್ಟು ಮಾರ್ಡಿಯಾ ಕೆಮಿಕಲ್ಸ್ ಕೇಸಲ್ಲಿ ಹೊಡೆದು ಹಾಕಿದೆ. ಅದೂ ಅಲ್ದೆ ನೀವು ಹೆಣ್ಣುಮಗಳು, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ, 1987ರ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿನೇ ಇಲ್ಲ. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಆಫೀಸಿದೆ, 15100ಕ್ಕೆ ಫೋನ್ ಮಾಡಿದ್ರೂ ದಾರಿ ತೋರಿಸ್ತಾರೆ. ಅಗ್ರಿಮೆಂಟಲ್ಲಿ ನಿಮ್ಮ ಹೆಸರಿದ್ರೆ ನೀವೇ ಅರ್ಜಿದಾರರಾಗಿ ಹೋಗಿ, ಯಜಮಾನ್ರ ಹೆಸರಲ್ಲಿ ಮಾತ್ರ ಇದ್ರೆ ದುಡ್ಡು ಹೋಗಿರೋದು ಯಾರ ಅಕೌಂಟಿಂದ ಅಂತ ಪ್ರಾಧಿಕಾರದವರಿಗೆ ತೋರಿಸಿ ಕೇಳಿ. ಹಣ ವಸೂಲಿ ದಾವಾಕ್ಕೆ ಕೋರ್ಟ್ ಫೀಸು ಸಣ್ಣದಲ್ಲ, ಅದರ ಬಗ್ಗೆಯೂ ಅಲ್ಲೇ ಮಾತಾಡಿ.

ಮಗಳ ಪರೀಕ್ಷೆ ವಿಷಯಕ್ಕೆ ಬರ್ತೀನಿ, ನೀವು ಕೊನೆಗೆ ಕೇಳಿದ್ರೂ ನನ್ನ ಮನಸ್ಸಲ್ಲಿ ಮೊದಲಿಂದ ಅದೇ ಇತ್ತು. ಕಾನೂನಿನ ಪ್ರಕಾರ ಆಗಸ್ಟ್ 2027ರವರೆಗೆ ಇರ್ತೀನಿ ಅಂತ ಹಠ ಹಿಡಿದ್ರೆ ನಿಲ್ಲೋದು ಕಷ್ಟ, ಮೇಲೆ ಹೇಳಿದೆನಲ್ಲ. ಆದ್ರೆ ಡಿಆರ್‌ಟಿ ಅರ್ಜಿಯಲ್ಲೇ ಪರ್ಯಾಯವಾಗಿ ಒಂದು ಕೋರಿಕೆ ಸೇರಿಸಿ, ಏಪ್ರಿಲ್ ಕೊನೆವರೆಗೆ ಕಾಲಾವಕಾಶ ಕೊಡಿ, ಅವತ್ತು ನಾವೇ ಬೀಗದ ಕೈ ಕೊಡ್ತೀವಿ, ಬೇರೆ ಯಾರನ್ನೂ ಒಳಗೆ ಬಿಡಲ್ಲ ಅಂತ ಮುಚ್ಚಳಿಕೆ ಬರೆದುಕೊಡ್ತೀವಿ ಅಂತ. ಹಾಲ್ ಟಿಕೆಟ್ ಇನ್ನೂ ಬಂದಿರಲ್ಲ, ಸ್ಕೂಲಿಂದ ಎಸ್ಸೆಸ್ಸೆಲ್ಸಿ ಓದ್ತಿದಾಳೆ ಅಂತ ಒಂದು ಸ್ಟಡಿ ಸರ್ಟಿಫಿಕೇಟ್ ತಗೊಂಡು ಲಗತ್ತಿಸಿ. ಇಂಥ ಕೋರಿಕೆಗೆ ಬ್ಯಾಂಕಿನ ವಕೀಲರೂ ಬಹಳ ಸಲ ಒಪ್ತಾರೆ, ಅವರಿಗೂ ಜಗಳ ಇಲ್ದೆ ಖಾಲಿ ಮನೆ ಸಿಗೋದು ಬೇಕು, ನನ್ನ ಎರಡು ಕೇಸಲ್ಲಿ ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಟೈಮ್ ಸಿಕ್ಕಿದೆ. ಸಿಕ್ಕೇ ಸಿಗುತ್ತೆ ಅಂತ ಬರೆದುಕೊಡೋಕೆ ಆಗಲ್ಲ ಅಮ್ಮ, ಆದ್ರೆ ಕೇಳಿದವರಿಗೆ ಸಿಕ್ಕಿದೆ, ಅದೂ ಕಮಿಷನರ್ ಬಾಗಿಲಿಗೆ ಬರೋ ಮುಂಚೆ ಕೇಳಿದವರಿಗೆ. ಸ್ಟಡಿ ಸರ್ಟಿಫಿಕೇಟಿಗೆ ನಾಳೆ ಬೆಳಗ್ಗೆ ಅವಳ ಜೊತೆಗೇ ಸ್ಕೂಲಿಗೆ ಹೋಗಿ, ಅಲ್ಲಿಂದ ಸೀದಾ ಇಸಿ ತೆಗೆಸೋಕೆ ಹೋಗಿ.